ಹೊಡೆದುಹಾಕಿದ ಆ ಸಾಲಿಗೆ

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದ.

ಮುಖ ವಾಲಿದ್ದು, ಡಾಕ್ಟರು ಅದನ್ನು ಬೆಲ್ಸ್ ಪಾಲ್ಸಿ, ಅಂದರೆ ಮುಖದ ಒಂದು ಪಕ್ಕದ ನರ ಸೋತಿರುವುದು ಅಂದಿದ್ದು, ಎರಡನೇ ದಿನವೇ ಸ್ಟಿರಾಯ್ಡ್ ಮಾತ್ರೆ ಶುರುವಾಗಿದ್ದು ಎಲ್ಲಾ ನಿಮ್ಮಪ್ಪ ಹೇಳಿದ್ದಾನೆ. ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೀಯಲ್ಲ, "ಇದು ಹೀಗೇ ಉಳಿದುಬಿಟ್ಟರೆ?" ಅಂತ. ಬೆಳಕಿಗೆ ಹಿಡಿದು ಓದಿದೆ. ಆಮೇಲೆ ಮನಸ್ಸು ಎಲ್ಲೂ ನಿಲ್ಲಲಿಲ್ಲ.

ಅಂಗರಚನೆ ಪಾಠ ಮಾಡುತ್ತಲೇ ಮುದುಕನಾದವನು ನಾನು. ತಲೆಯ 12 ಜೋಡಿ ನರಗಳನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಕೆಲವು ಬರೀ ಸುದ್ದಿ ಒಳಗೆ ತರುತ್ತವೆ. ಕೆಲವು ಮಾಂಸಖಂಡಕ್ಕೆ ಅಪ್ಪಣೆ ಒಯ್ಯುತ್ತವೆ. ನಿನಗೆ ತೊಂದರೆ ಕೊಟ್ಟಿರುವ ಏಳನೆಯದು ಎರಡೂ ಮಾಡುತ್ತದೆ, ಆದರೆ ಅದರ ದೊಡ್ಡ ಕೆಲಸ ಮುಖ ಆಡಿಸುವುದೇ. ಕಿವಿಯ ಬಳಿಯ ಮೂಳೆಯೊಳಗಿನ ಸಪೂರ ಕೊಳವೆಯಲ್ಲಿ ಅದು ನುಸುಳಿ ಬರಬೇಕು. ತೀರಾ ಇಕ್ಕಟ್ಟಾದ ಕಡೆ ಅದು 1 ಮಿಲಿಮೀಟರ್ ಕೂಡ ಇಲ್ಲ. ನರ ಊದಿಕೊಂಡರೆ ಮೂಳೆ ಸರಿದು ಜಾಗ ಕೊಡುತ್ತಾ?

ಹಣೆಯೂ ಸುಕ್ಕಾಗುತ್ತಿಲ್ಲ ಅಂತ ಗಾಬರಿಯಿಂದ ಬರೆದಿದ್ದೀಯ. ನನಗೆ ಸಮಾಧಾನ ಆಗಿದ್ದೇ ಅಲ್ಲಿ. ಹಣೆಗೆ ಮಿದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ. ಅದಕ್ಕೇ ಪಾರ್ಶ್ವವಾಯು ಹೊಡೆದಾಗ ಸಾಮಾನ್ಯವಾಗಿ ಬಾಯಿ ವಾಲಿದರೂ ಹಣೆ ಉಳಿಯುತ್ತದೆ. ನಿನ್ನದು ಹಾಗಲ್ಲ, ತೊಂದರೆ ಇರುವುದು ನರದಲ್ಲಿ.

ನೋಡು, ಪಾಠ ಶುರು ಮಾಡಿಬಿಟ್ಟೆ. ಹಿಂದೆ ಒಂದು ಸಲ ಹೀಗೇ ಆಗಿತ್ತು. ನನ್ನ ತರಗತಿಯ ಹುಡುಗಿಯೊಬ್ಬಳು ಇದೇ ತೊಂದರೆಯಲ್ಲಿ ಬಂದಳು. ನನಗೆ ಉತ್ಸಾಹ. ಎಲ್ಲರ ಮುಂದೆ ನಿಲ್ಲಿಸಿ, ಹುಬ್ಬು ಎತ್ತು, ಕಣ್ಣು ಮುಚ್ಚು, ಕೆನ್ನೆ ಊದು, ಹಲ್ಲು ತೋರಿಸು ಅಂದೆ. ಎಲ್ಲವನ್ನೂ ಮಾಡಿದಳು. ಊದಿದ ಗಾಳಿ ಬಾಯಿಯ ಒಂದು ಪಕ್ಕದಿಂದ ಸೋರಿ ಸಣ್ಣಗೆ ಸದ್ದಾಯಿತು. ಯಾರೋ ನಕ್ಕರು. ಪಾಠ ಮುಗಿದ ಮೇಲೆ ಬಂದು, "ಸಾರ್, ಇದು ಹೀಗೇ ಉಳಿಯುತ್ತಾ?" ಅಂದಳು. ಔಷಧಿ ಇಲ್ಲದೆಯೇ ಹತ್ತರಲ್ಲಿ ಏಳು ಜನಕ್ಕೆ ಪೂರ್ತಿ ವಾಸಿಯಾಗುತ್ತದೆ ಅಂದೆ. ಉತ್ತರ ಸರಿಯಾಗಿಯೇ ಇತ್ತು. ಅವಳು ಮಾತ್ರ ಆಮೇಲೆ ಕೆನ್ನೆಗೆ ಅಂಗೈ ಒತ್ತಿಕೊಂಡು ಹಿಂದಿನ ಬೆಂಚಿನಲ್ಲೇ ಕೂತಳು. ಉಳಿದ ಮೂವರಲ್ಲಿ ತಾನೊಬ್ಬಳಾದರೆ ಅಂತ ಎಣಿಸುತ್ತಿದ್ದಳೋ ಏನೋ. ನಾನು ಕೇಳಲೇ ಇಲ್ಲ.

ನಿನಗೂ ಅದೇ ಲೆಕ್ಕ ಹೇಳಬೇಕಾಗಿದೆ ಅನ್ನೋದೇ ನನ್ನ ಕಷ್ಟ. ಬೇಗ ಮಾತ್ರೆ ಸಿಕ್ಕಿದವರಿಗೆ ಅದು ಇನ್ನೂ ಜಾಸ್ತಿ. ಖಂಡಿತ ಅಂತ ಮಾತು ಕೊಡಲಾರೆ ಮಗಳೇ. ಒಳಗಿನ ಎಳೆಗಳು ಬರೀ ಒತ್ತಿಹೋಗಿದ್ದರೆ ಕೆಲವು ವಾರಗಳಲ್ಲಿ ಏಳುತ್ತವೆ. ಸತ್ತಿದ್ದರೆ ಹೊಸದಾಗಿ ಬೆಳೆಯಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್. ಹಾಗೆ ಬೆಳೆಯುವಾಗ ಕೆಲವು ದಾರಿ ತಪ್ಪುವುದೂ ಉಂಟು, ಕಣ್ಣು ಮುಚ್ಚಿದರೆ ಬಾಯಂಚು ಜಗ್ಗುತ್ತದೆ. ಕನ್ನಡಿ ಮುಂದೆ ನಿಂತು ಬಲವಂತವಾಗಿ ಮುಖ ಕಿವುಚಬೇಡ, ಅದರಿಂದ ಬೇಗ ಬರುವುದಿಲ್ಲ. ಕನ್ನಡಿ ನೋಡಲೇಬೇಡ ಅಂದರೆ ನೀನು ಕೇಳುತ್ತೀಯಾ?

ಹಾಂ, ಕಣ್ಣು. ಇದನ್ನು ಮೊದಲೇ ಬರೆಯಬೇಕಿತ್ತು. ರೆಪ್ಪೆ ಎತ್ತುವುದು ಮೂರನೇ ನರ, ಮುಚ್ಚುವುದು ಏಳನೆಯದು. ಅದಕ್ಕೇ ನಿನ್ನ ಕಣ್ಣು ತೆರೆದೇ ಇರುತ್ತದೆ, ಒಣಗಿದರೆ ಗಾಯವಾಗುತ್ತದೆ. ಹಗಲು ಡ್ರಾಪ್ಸ್, ರಾತ್ರಿ ಮುಲಾಮು. ಟೇಪ್ ಹಾಕುವ ಮೊದಲು ರೆಪ್ಪೆ ಪೂರ್ತಿ ಮುಚ್ಚಿದೆಯಾ ನೋಡಿಕೋ. ಕಣ್ಣು ಕೆಂಪಾಗಿ ನೋವಾದರೆ ಅವತ್ತೇ ತೋರಿಸು. ಮೂರು ತಿಂಗಳಾದರೂ ಪೂರ್ತಿ ಸರಿಹೋಗದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗು. ನಿನ್ನ ಡಾಕ್ಟರು ಇದನ್ನೆಲ್ಲ ಹೇಳಿರುತ್ತಾರೆ, ಮುದುಕನ ಬಾಯಿ ಸುಮ್ನೆ ಇರಲ್ಲ.

ಆ ಹುಡುಗಿಗೆ ಪೂರ್ತಿ ವಾಸಿಯಾಯಿತಾ ಅಂತ ನೀನು ಕೇಳಬಹುದು. ಮುಂದಿನ ವರ್ಷ ಬೇರೆ ಕಡೆ ಹೋದಳು, ನಾನು ವಿಚಾರಿಸಲಿಲ್ಲ.

ಪ, ಬ, ಮ ಸರಿಯಾಗಿ ಬರುತ್ತಿಲ್ಲ, ಅದಕ್ಕೇ ಫೋನ್ ಮಾಡದೆ ಕಾಗದ ಬರೆದಿದ್ದೀಯ ಅಲ್ವಾ? ಮೂರಕ್ಕೂ ತುಟಿ ಸೇರಬೇಕು. ದೊಡ್ಡಪ್ಪ ಅನ್ನೋದರಲ್ಲೂ ಒಂದು "ಪ್ಪ" ಇದೆ. ಅದು ಜಾರಿದರೆ ಜಾರಲಿ. ಭಾನುವಾರ ಫೋನ್ ಮಾಡು, ಆ ಸಾಲನ್ನು ಹೊಡೆದುಹಾಕದೆ ಹೇಳು.

ನಿನ್ನ
ದೊಡ್ಡಪ್ಪ