ಅಕ್ಕಿ ಸಾಕು, ಫ್ರಿಜ್ಜಿನ ಬಾಗಿಲು ನೋಡಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗದಲ್ಲಿ ರೋಗಿಗಳ ಜೊತೆ ಬಂದವರಿಗೆ ಮಧ್ಯಾಹ್ನ ಊಟ ಹಾಕುವ ಒಂದು ಸಣ್ಣ ಟ್ರಸ್ಟ್ ಇದೆ. ವಾರಕ್ಕೆ ಮೂರು ದಿನ ನಾನು ಅಲ್ಲಿ ಬಡಿಸಲು ಹೋಗುತ್ತೇನೆ. ಅನ್ನ, ಸಾರು, ಮಜ್ಜಿಗೆ, ಅಷ್ಟೇ. ಮದುವೆ ಸೀಸನ್ನಿನಲ್ಲಿ ಛತ್ರಗಳಿಂದ ಉಳಿದ ಪಲ್ಯ, ಹೋಳಿಗೆಯೂ ಬರುತ್ತವೆ.

ಬಂದದ್ದನ್ನು ಇಡೋದೆಲ್ಲಿ? ನಮ್ಮ ಫ್ರಿಜ್ಜು ಯಾವುದೋ ಹೋಟೆಲ್ ಮುಚ್ಚುವಾಗ ಕೊಟ್ಟಿದ್ದು. ಬಾಗಿಲಿನ ರಬ್ಬರ್ ಹರಿದು ವರ್ಷವಾಯಿತು. ಬಾಗಿಲು ತೆರೆದುಕೊಳ್ಳದಂತೆ ಹಳೇ ಸೀರೆಯ ಅಂಚು ಕಟ್ಟಿ, ಕೆಳಗೆ ಒಂದು ಇಟ್ಟಿಗೆ ಒತ್ತಿಟ್ಟಿದ್ದೇವೆ. ಆದರೂ ಸಂದಿಯ ಹತ್ತಿರ ಕೈ ಇಟ್ಟರೆ ತಣ್ಣಗೆ ತಾಗುತ್ತದೆ. ಕಂಪ್ರೆಸರ್ ಒಂದು ನಿಮಿಷವೂ ಸುಮ್ಮನಿರಲ್ಲ. ಹೋದ ಬೇಸಿಗೆಯಲ್ಲಿ ಎರಡು ಕೊಳಗ ಮಜ್ಜಿಗೆ ಹುಳಿಯಾಗಿ ಮೋರಿಗೆ ಸುರಿದೆವು. ಗೃಹಜ್ಯೋತಿಯ 200 ಯೂನಿಟ್ ಮನೆಗಳಿಗೆ ಮಾತ್ರ, ಹಾಗಾಗಿ ಈ ಫ್ರಿಜ್ಜು ತಿಂದ ಕರೆಂಟಿಗೆಲ್ಲ ಬೆಸ್ಕಾಂ ಬಿಲ್ಲು ನಾವೇ ಕಟ್ಟಬೇಕು.

ಈಚೆಗೆ ಒಂದು ಕಂಪನಿಯವರು ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಅಂತ ಬಂದು 20 ಮೂಟೆ ಅಕ್ಕಿ ಇಳಿಸಿದರು, ಬ್ಯಾನರ್ ಹಿಡಿಸಿ ಫೋಟೋ ತೆಗೆದರು. ಅವರ ಉಪಕಾರ ಮರೆಯಲ್ಲ. ಆದರೆ ನಮ್ಮ ಅಡುಗೆಯ ಅಕ್ಕ ಮೆಲ್ಲಗೆ, 'ಸಾರ್, ಅಕ್ಕಿ ಹೆಂಗೋ ಬರ್ತದೆ, ಬೇಯಿಸೋ ಗ್ಯಾಸಿಗೇ ದುಡ್ಡಿಲ್ಲ, ನೀರು ಕಾಯಿಸೋಕೆ ಒಂದು ಸೋಲಾರ್ ಹೀಟರ್ ಹಾಕಿಸಿಕೊಡಿ' ಅಂದಾಗ, 'ಅದು ಹಸಿವಿನ ಲೆಕ್ಕದಲ್ಲಿ ಬರಲ್ಲಮ್ಮ' ಅಂತ ನಕ್ಕು ಕಾರು ಹತ್ತಿದರು.

ಬರಲ್ಲ ಅಂದರೇನು? 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಹಸಿವು ನೀಗಿಸುವುದು ಮೊದಲ ಸಾಲಿನಲ್ಲೇ ಇದೆ, ಸ್ವಲ್ಪ ಕೆಳಗೆ ಪರಿಸರವೂ ಇದೆ. ಸಿಎಸ್‌ಆರ್ ಹಣದಲ್ಲಿ ಕೊಂಡ ಆಸ್ತಿಯನ್ನು ನೋಂದಾಯಿತ ಟ್ರಸ್ಟ್ ಇಟ್ಟುಕೊಳ್ಳಬಹುದು, ಅದಕ್ಕೆ ಸಿಎಸ್‌ಆರ್ ನೋಂದಣಿ ಸಂಖ್ಯೆ ಇರಬೇಕು ಅಂತ 2021ರ ನಿಯಮವೇ ಹೇಳುತ್ತದೆ. ನಮ್ಮ ಹತ್ತಿರ ಆ ಸಂಖ್ಯೆ ಇದೆ.

ಲೆಕ್ಕ ನೋಡಿ. ದಿನಾ ಅಡುಗೆಗೆ ಬೇಕಾದ 200 ಲೀಟರ್ ನೀರನ್ನು ಬಿಸಿಲೇ 60 ಡಿಗ್ರಿಗೆ ತಂದುಕೊಟ್ಟರೆ ತಿಂಗಳಿಗೆ ಹೆಚ್ಚು ಕಡಿಮೆ ಒಂದೂವರೆ-ಎರಡು ಕಮರ್ಷಿಯಲ್ ಸಿಲಿಂಡರ್, ಅದೇ 19 ಕೆಜಿಯದು, ಉಳಿಯುತ್ತದೆ. ದುರ್ಗದಲ್ಲಿ ಬಿಸಿಲಿಗೇನು ಬರ, ಅಲ್ವಾ? ಊಟದ ಹಾಲ್‌ನಲ್ಲಿರುವ ಎಂಟು ಹಳೇ ಫ್ಯಾನ್ ಒಂದೊಂದೂ 75 ವಾಟ್ ಎಳೆಯುತ್ತವೆ. ಈಗಿನ ಬಿಎಲ್‌ಡಿಸಿ ಅನ್ನುವ, ಕಡಿಮೆ ಕರೆಂಟಿನ ಫ್ಯಾನಿಗೆ 30 ವಾಟ್ ಸಾಕು. ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ ನೂರಕ್ಕೂ ಹೆಚ್ಚು ಯೂನಿಟ್ ಉಳಿತಾಯ. 20 ಮೂಟೆ ಅಕ್ಕಿ ಕೆಲವೇ ವಾರದಲ್ಲಿ ಖಾಲಿ. ಹೀಟರ್ ಹಂಗಲ್ಲ, ಪ್ರತಿ ತಿಂಗಳೂ ದುಡ್ಡು ಉಳಿಸುತ್ತದೆ, ಆ ದುಡ್ಡಿನಲ್ಲಿ ಬೇಳೆ ತರಬಹುದು.

ಜೋಗಿಮಟ್ಟಿ ಕಡೆ ತಿರುಗಿದರೆ ಗುಡ್ಡದ ಮೇಲೆ ಕರೆಂಟ್ ತಯಾರಿಸುವ ಆ ದೊಡ್ಡ ಗಾಳಿ ಫ್ಯಾನುಗಳು ಗಿರಗಿರ ಅಂತಿರುತ್ತವೆ. ಕರೆಂಟಿನ ವಿಷಯ ಬಲ್ಲವರು ಇಲ್ಲೇ ಇದ್ದಾರೆ ಅಂತಾಯಿತು. ಅವರು ದುಡ್ಡು ಕೊಡುವುದು ಆಮೇಲಿರಲಿ. ಮೊದಲು ಒಬ್ಬ ಎಂಜಿನಿಯರನ್ನು ಅರ್ಧ ದಿನ ಕಳಿಸಲಿ, ಮೀಟರ್ ಹಿಡಿದು ಯಾವುದು ಎಷ್ಟು ಎಳೆಯುತ್ತದೆ ಅಂತ ಬರೆದುಕೊಡಲಿ. ಜಿಲ್ಲೆಯಲ್ಲಿ ನಮ್ಮಂಥ ದಾಸೋಹದ ಅಡುಗೆಮನೆಗಳು ಇನ್ನೂ ಇವೆ, ಅಲ್ಲಿಗೂ ಹೋಗಲಿ. ಊಟ ನಮ್ಮಲ್ಲೇ ಮಾಡಬಹುದು.

ಫ್ರಿಜ್ಜಿನ ರಬ್ಬರ್ ಮಾತ್ರ ನಾವೇ ಚಂದಾ ಎತ್ತಿ ತರಿಸಿದ್ದೇವೆ. ಭಾನುವಾರ ಹಾಕುತ್ತೇವೆ. ಇಟ್ಟಿಗೆ ಬೇಕಾದವರು ಒಯ್ಯಬಹುದು.

– ಬಡಿಸುವವನೊಬ್ಬ, ಚಿತ್ರದುರ್ಗ