ಚಿ. ಶರಣಮ್ಮಳಿಗೆ: ವಿಪತ್ತಿನ ಪಾಠ ನಮ್ಮ ಅಂಗಳದಿಂದ ಹೊರಡಲಿ

ಕಲಬುರಗಿ

ಚಿ. ಶರಣಮ್ಮಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನ ಕಾಕಿ ಇಬ್ಬರೂ ಆರಾಮ ಇದ್ದೇವೆ. ನಿನ್ನ ಪತ್ರ ಮುಟ್ಟಿತು. ಚಿತ್ತಾಪುರ ತಾಲ್ಲೂಕಿನ ಹೊಸ ಸಾಲಿ, ಹೊಸ ಊರು, ಬಾಡಿಗೆ ಮನೆ, ಎಲ್ಲದಕ್ಕೂ ಹೊಂದಿಕೊಂಡಿದ್ದೀ ಎಂದು ಓದಿ ಸಮಾಧಾನವಾಯಿತು. ಆದರೆ ಪತ್ರದ ಕೊನೆಯ ನಾಲ್ಕು ಸಾಲು ನನ್ನನ್ನು ಸುಮ್ಮನೆ ಕೂಡಗೊಡಲಿಲ್ಲ. ಹತ್ತನೆಯ ತರಗತಿಯ ಮಕ್ಕಳು ಚಂಡಮಾರುತ, ಕಡಲ ಕೊರೆತ ಅಂದರೇನು ಎಂಬುದಕ್ಕೆ ಒಂದಕ್ಷರ ತಪ್ಪದೆ ಉತ್ತರ ಬರೆದರು; ಊರಲ್ಲಿ ಹನಿ ಮಳೆ ಇಲ್ಲದಾಗಲೂ ಭೀಮಾ ಹೊಳಿ ಯಾಕೆ ಏರುತ್ತದೆ ಎಂದು ಕೇಳಿದರೆ ತಲೆ ತಗ್ಗಿಸಿದರು ಎಂದು ಬರೆದಿದ್ದೀ. ಒಬ್ಬ ಹುಡುಗನಂತೂ "ಇವೆಲ್ಲಾ ನಮ್ಮ ಕಡಿ ಆಗಂಗಿಲ್ಲ ಬಿಡ್ರಿ ಟೀಚರ್" ಅಂದನಂತೆ.

ಆ ಹುಡುಗನ ಮಾತಿನಿಂದಲೇ ಪಾಠ ಶುರು ಮಾಡು. ಆಳಂದ, ಅಫಜಲಪುರ ತಾಲ್ಲೂಕುಗಳಲ್ಲಿ ಭೂಗೋಳ ಕಲಿಸಿಕೊಂಡೇ ನನ್ನ ನೌಕರಿ ಮುಗಿಯಿತು. ಅದರಿಂದ ಗಟ್ಟಿಯಾದ ನಂಬಿಕೆ ಒಂದೇ: ವಿಪತ್ತಿನ ಪಾಠ ಮಗುವಿನ ಅಂಗಳದಿಂದ ಹೊರಟು ಜಪಾನಿಗೆ ಹೋಗಬೇಕು. ಜಪಾನಿನಿಂದ ಹೊರಟರೆ ಅದು ಅಂಗಳಕ್ಕೆ ಬಂದು ಮುಟ್ಟುವುದೇ ಇಲ್ಲ, ಪರೀಕ್ಷೆಯ ಹಾಲಿನಲ್ಲೇ ನಿಂತುಬಿಡುತ್ತದೆ.

ಅಟ್ಲಾಸಿನಲ್ಲಿ ಮೊದಲು ಆಳಂದ ಹುಡುಕಿಸು. ಅಲ್ಲಿಂದ ನೇರ ಉತ್ತರಕ್ಕೆ ಬೆರಳು ಸರಿಸಲಿ. ಉಮರ್ಗಾ ದಾಟಿದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ. ಅಳತೆಪಟ್ಟಿ ಇಟ್ಟು ದೂರದ ಲೆಕ್ಕ ಹಾಕಿಸು, ನೇರ ಗೆರೆಯಲ್ಲಿ 60 ಕಿಲೋಮೀಟರ್ ಕೂಡ ಆಗುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲ ನಿಮಿಷ ಇರುವಾಗ, ಅಲ್ಲಿ ನೆಲ ನಡುಗಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದ ಜನ ದಣಿದು ಮಲಗಿದ್ದರು. ಕಂಪನದ ಪ್ರಮಾಣ 6.2ರಷ್ಟು. ಸತ್ತವರು ಸುಮಾರು ಹತ್ತು ಸಾವಿರ. ಆಗ ನಾನು ಆಳಂದದಲ್ಲೇ ಇದ್ದೆ, ಮಕ್ಕಳನ್ನು ಎತ್ತಿಕೊಂಡು ಬಯಲಿಗೆ ಬಂದವರಲ್ಲಿ ನಾವೂ ಇದ್ದೆವು. ನಿನ್ನ ತರಗತಿಯ ಮಕ್ಕಳ ಅಜ್ಜ ಅಜ್ಜಿಯರಿಗೂ ಆ ನಸುಕು ನೆನಪಿರುತ್ತದೆ. ಮನೆಗೆ ಹೋಗಿ ಕೇಳಿ ಬರೆದುಕೊಂಡು ಬರಲು ಹೇಳು. ಅದೇ ಮೊದಲ ಮನೆಗೆಲಸ.

ಆಮೇಲೆ ಇನ್ನೊಂದು ಭೂಕಂಪದ ಲೆಕ್ಕ ಬೋರ್ಡಿನ ಮೇಲೆ ಬರೆ. 1989ರ ಅಕ್ಟೋಬರ್ 17, ಅಮೆರಿಕದ ಕ್ಯಾಲಿಫೋರ್ನಿಯಾ, ಲೋಮಾ ಪ್ರಿಯೇಟಾ, ಪ್ರಮಾಣ 6.9. ಬಿಡುಗಡೆಯಾದ ಶಕ್ತಿ ಕಿಲ್ಲಾರಿಯದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಸತ್ತವರು 63 ಮಂದಿ. ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆದು ಸುಮ್ಮನೆ ನಿಂತುಬಿಡು, ಯಾಕೆ ಎಂದು ಅವರೇ ಕೇಳುವ ತನಕ. ಕಿಲ್ಲಾರಿಯ ಕಂಪನ ನೆಲದ ಮೇಲ್ಮೈಗೆ ಬಹಳ ಹತ್ತಿರ ಹುಟ್ಟಿತ್ತು, ಹೊತ್ತು ಮಲಗುವ ಹೊತ್ತಾಗಿತ್ತು, ಇವನ್ನೂ ಹೇಳಬೇಕು, ಮುಚ್ಚಿಡಬಾರದು. ಆದರೂ ಉತ್ತರದ ದೊಡ್ಡ ಪಾಲು ಗೋಡೆಯಲ್ಲಿದೆ. ಕಿಲ್ಲಾರಿಯ ಮನೆಗಳು ನಮ್ಮ ಮಾಳಿಗೆ ಮನೆಗಳಂಥವೇ. ಹೊರಗೊಂದು ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು, ಎರಡೂ ಸಾಲನ್ನು ಹಿಡಿದಿಡುವ ಉದ್ದಗಲ್ಲು ಇಲ್ಲ. ಮೇಲೆ ತೊಲೆ, ಹಲಗೆ, ಅದರ ಮೇಲೆ ದಪ್ಪನೆಯ ಮಣ್ಣು. ಸೋರದಿರಲಿ ಎಂದು ಮತ್ತೆ ಮತ್ತೆ ಮಣ್ಣು ಹಾಕಿ ಮಾಳಿಗೆಯ ಭಾರ ಬೆಳೆದೇ ಬೆಳೆಯುತ್ತದೆ. ನೆಲ ಅಲುಗಿದಾಗ ಗೋಡೆಯ ಎರಡು ಸಾಲು ಬೇರೆಬೇರೆಯಾಗಿ ಉಬ್ಬಿ ಒಡೆದವು, ಅಷ್ಟೂ ಮಣ್ಣು ಮಲಗಿದವರ ಮೇಲೆ ಬಿತ್ತು.

ಇಲ್ಲಿ ಅವಸರ ಮಾಡಬೇಡವ್ವಾ. ಇದು ಇಡೀ ಪಾಠದ ತಿರುಳು. ಆ ದಪ್ಪ ಮಣ್ಣನ್ನು ನಮ್ಮ ಹಿರಿಯರು ತಿಳಿಯದೆ ಹಾಕಿದ್ದಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಯುವ ಸೀಮೆಯಲ್ಲಿ ಒಳಗೆ ತಂಪಾಗಿರಲು ಅದಕ್ಕಿಂತ ಒಳ್ಳೆಯ ಉಪಾಯ ಬಡವರಿಗೆ ಇರಲಿಲ್ಲ. ಬಿಸಿಲಿನಿಂದ ಕಾಪಾಡುವ ಮಾಳಿಗೆಯೇ ಭೂಕಂಪದಲ್ಲಿ ಕೊಲ್ಲುತ್ತದೆ. ಹಾಗೆಂದು ಅದನ್ನು ಕೆಡವಿ ತಗಡು ಹಾಕಿದರೆ ಭೂಕಂಪದ ಭಯ ತಗ್ಗುತ್ತದೆ, ಬ್ಯಾಸಗಿಯಲ್ಲಿ ಮುದುಕರು ಮತ್ತು ಕೂಸುಗಳು ಒಳಗೆ ಬೇಯುತ್ತಾರೆ. ಒಂದು ಅಪಾಯಕ್ಕೆ ಕೊಟ್ಟ ಉತ್ತರ ಇನ್ನೊಂದು ಅಪಾಯಕ್ಕೆ ಬಾಗಿಲು ತೆರೆಯಬಹುದು ಎಂಬುದನ್ನು ಹದಿನೈದು ವರ್ಷದ ಮಗು ತನ್ನ ಮನೆಯ ಮಾಳಿಗೆ ನೋಡಿಯೇ ತಿಳಿದುಕೊಂಡರೆ, ಮುಂದೆ ಅಣೆಕಟ್ಟಿನ ಬಗ್ಗೆಯಾಗಲಿ ಗಣಿಯ ಬಗ್ಗೆಯಾಗಲಿ ಯಾರು ಏನೇ ಹೇಳಿದರೂ ಎರಡು ಕಡೆಯಿಂದ ಯೋಚಿಸುತ್ತದೆ. ಪರಿಹಾರಗಳನ್ನೂ ಹೇಳು. ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸುವುದು, ಗೋಡೆಯ ಅಗಲಕ್ಕೂ ಹಾಯುವ ಕಲ್ಲು ಕೂಡಿಸುವುದು, ಬಾಗಿಲು ಕಿಟಕಿಯ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟುವುದು. ಊರಿನ ಗೌಂಡಿಯನ್ನು ಒಂದು ದಿನ ಸಾಲಿಗೆ ಕರೆದು ಮಕ್ಕಳ ಮುಂದೆ ಕೂಡಿಸು. ಆದರೆ ಮಕ್ಕಳಿಗೆ ತಮ್ಮ ತಮ್ಮ ಮನೆಯ ಗೋಡೆಯನ್ನು ಎಲ್ಲರೆದುರು ವರ್ಣಿಸಲು ಹಚ್ಚಬೇಡ. ಬಡವರ ಮಗುವಿಗೆ ಅದು ಅವಮಾನ. ಸಾಲಿಯ ಹಳೆ ಖೋಲಿಯನ್ನೋ ಗುಡಿಯ ಗೋಡೆಯನ್ನೋ ನೋಡಿಸಿದರೆ ಸಾಕು.

ಇನ್ನೊಂದು ವಿಷಯ. ಅಂದಿನ ಭೂಕಂಪ ವಲಯದ ನಕಾಶೆಯಲ್ಲಿ ಕಿಲ್ಲಾರಿ ಅತಿ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. 2002ರಲ್ಲಿ ನಕಾಶೆ ತಿದ್ದಿದಾಗ ಮೊದಲನೆಯ ವಲಯವನ್ನೇ ತೆಗೆದು ಎರಡನೆಯದರಲ್ಲಿ ಸೇರಿಸಿದರು, ಲಾತೂರ್ ಭಾಗ ಮೂರನೆಯದಕ್ಕೆ ಹೋಯಿತು. ನಕಾಶೆಯೂ ಮನುಷ್ಯರೇ ಮಾಡಿದ್ದು, ಹೊಸ ಸಾಕ್ಷ್ಯ ಬಂದರೆ ತಿದ್ದಬೇಕಾದ್ದು ಎಂದು ಮಕ್ಕಳಿಗೆ ಗೊತ್ತಾಗಲಿ.

ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ನಿನಗೆ ನೆನಪಿರಬೇಕು. 2021ರ ಅಕ್ಟೋಬರ್. ಭೂಮಿಯೊಳಗಿಂದ ಗುಡುಗಿನಂಥ ಸದ್ದು, ಆಮೇಲೆ 4ರಷ್ಟು ಪ್ರಮಾಣದ ಕಂಪನ. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟವು. ಮಳೆಗಾಲದ ನೀರು ಬಂಡೆಗಳ ಬಿರುಕಿಗೆ ಇಳಿದು ಒಳಗಿನ ಒತ್ತಡ ಬದಲಾದಾಗ ಇಂಥ ಸಣ್ಣ ಕಂಪನಗಳು ಆಗುತ್ತವೆ ಎಂದು ವಿಜ್ಞಾನಿಗಳು ವಿವರಿಸಿದರು. ಆ ದಿನಗಳಲ್ಲಿ ಅಲ್ಲಿನ ಜನರನ್ನು ಹೆಚ್ಚು ಹಣ್ಣು ಮಾಡಿದ್ದು ಕಂಪನಕ್ಕಿಂತ ಗಾಳಿಸುದ್ದಿ. ಇಂಥ ದಿನ, ಇಂಥ ಗಂಟೆಗೆ ದೊಡ್ಡದು ಬರುತ್ತದೆ ಎಂದು ಮೊಬೈಲಿನಲ್ಲಿ ಬಂದರೆ ನಂಬಬಾರದು, ಭೂಕಂಪದ ದಿನ ಮತ್ತು ವೇಳೆ ಮೊದಲೇ ಹೇಳಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲ. ಇದನ್ನು ನೀನು ತರಗತಿಯಲ್ಲಿ ಹೇಳಿದರೆ ಸಂಜೆಯೊಳಗೆ ಊರೆಲ್ಲ ಮುಟ್ಟುತ್ತದೆ. ಹೆಣದ ಚಿತ್ರ, ಕುಸಿದ ಮನೆಯ ವಿಡಿಯೋ ಮಾತ್ರ ತೋರಿಸಬೇಡ. ಹೆದರಿದ ಮಗು ಕಲಿಯುವುದಿಲ್ಲ. ಕೈಕಾಲಿಗೆ ಕೆಲಸ ಕೊಡು: ಬಾಗಿಲ ಹತ್ತಿರ ಇದ್ದರೆ ಬಯಲಿಗೆ, ಇಲ್ಲದಿದ್ದರೆ ಗಟ್ಟಿ ಮೇಜಿನ ಕೆಳಗೆ ತಲೆ ಮುಚ್ಚಿಕೊಂಡು. ಎರಡು ಸಲ ಮಾಡಿಸಿದರೆ ಭಯ ಅರ್ಧ ಇಳಿಯುತ್ತದೆ.

ಈಗ ಹೊಳಿಯ ಮಾತು. ಭೀಮಾ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ, ಘಟ್ಟದ ಮಳೆಯಲ್ಲಿ. ನಡುವೆ ಸೋಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು, ಕೆಳಗೆ ಬಂದು ಕೂಡುವ ಸೀನಾ, ಬೋರಿ ಹೊಳೆಗಳು, ಆಮೇಲೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು. ಮೇಲೆ ಮಳೆ ಸುರಿದು ನೀರು ಬಿಟ್ಟರೆ ಅದು ಕೆಳಗೆ ಬರುತ್ತದೆ, ನಿಮ್ಮ ಆಕಾಶ ಬೆಳ್ಳಗಿರುವಾಗಲೇ ಹೊಳಿ ಏರುವುದು ಇದಕ್ಕೇ. 2020ರ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ಆಂಧ್ರದ ತೀರ ದಾಟಿ, ತೆಲಂಗಾಣ ಹಾಯ್ದು ನಮ್ಮ ಮೇಲಿಂದಲೇ ಮಹಾರಾಷ್ಟ್ರಕ್ಕೆ ಹೋಯಿತು. ಆಗ ದೇವಲ ಗಾಣಗಾಪುರದ ಸಂಗಮ, ಘತ್ತರಗಿ ಗುಡಿ ಎಲ್ಲ ನೀರಲ್ಲಿ ನಿಂತವು. ನೋಡು, ಪಠ್ಯದಲ್ಲಿ ಚಂಡಮಾರುತ ಒಂದು ಪ್ರಶ್ನೆ, ಪ್ರವಾಹ ಇನ್ನೊಂದು ಪ್ರಶ್ನೆ. ನೆಲದ ಮೇಲೆ ಕೊಲ್ಲಿಯ ಗಾಳಿಯೂ ಭೀಮಾದ ದಂಡೆಯ ತೊಗರಿಯೂ ಒಂದೇ ಕಥೆ.

ಸುದ್ದಿಯಲ್ಲಿ ಬರುವ ಕ್ಯೂಸೆಕ್ ಎಂಬ ಮಾತನ್ನು ಲೆಕ್ಕ ಮಾಡಿ ತೋರಿಸು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗಿಂತ ತುಸು ಹೆಚ್ಚು. ಒಂದು ಲಕ್ಷ ಕ್ಯೂಸೆಕ್ ಬಿಟ್ಟರು ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್. ಮೇಲೆ ಬಿಟ್ಟ ನೀರು ಕೆಳಗೆ ಬರಲು ಹೊತ್ತು ಹಿಡಿಯುತ್ತದೆ, ಆ ಹೊತ್ತೇ ನಮಗೆ ಸಿಗುವ ಅವಕಾಶ. ದನ ಬಿಚ್ಚುವುದು, ಕಾಳು ಮೇಲಕ್ಕೆ ಸಾಗಿಸುವುದು, ಪಂಪ್‌ಸೆಟ್ ಎತ್ತುವುದು ಅಷ್ಟರೊಳಗೇ ಆಗಬೇಕು. ಭೀಮಾ ತುಂಬಿದಾಗ ಅದಕ್ಕೆ ಬಂದು ಕೂಡುವ ನಿಮ್ಮ ಕಾಗಿಣಾ ಹೊಳಿಯ ನೀರು ಒಳಗೆ ಹೋಗಲು ದಾರಿ ಸಿಗದೆ ಹಿಂದಕ್ಕೆ ಒತ್ತುತ್ತದೆ, ಅದನ್ನು ನಿನ್ನ ಮಕ್ಕಳೇ ನೋಡಿರುತ್ತಾರೆ, ಹೆಸರಿಟ್ಟಿರುವುದಿಲ್ಲ ಅಷ್ಟೇ. ಯಾದಗಿರಿ ಕಡೆಯದೂ ಹೇಳು: ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗ ಸುರಪುರ ತಾಲ್ಲೂಕಿನ ನೀಲಕಂಠರಾಯನ ಗಡ್ಡಿ ಎಂಬ ನಡುಗಡ್ಡೆಯ ಜನಕ್ಕೆ ದಂಡೆಯ ಸಂಪರ್ಕವೇ ಕಡಿದ ವರ್ಷಗಳಿವೆ.

ಬರದ ಬಗ್ಗೆ ನಾನು ಉದ್ದ ಬರೆಯುವುದಿಲ್ಲ, 1972ರ ಬರವನ್ನು ನಿನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದೀ. ಪ್ರವಾಸಕ್ಕೆ ಹಣ ಕೂಡಿದರೆ ಬೀದರಿಗೆ ಒಯ್ದು ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಕಾಲುವೆ ತೋರಿಸು. ಮೇಲಿನ ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ನೀರು ಕೆಳಗಿನ ಕರಿಕಲ್ಲು ತಡೆದಲ್ಲಿ ನಿಲ್ಲುತ್ತದೆ ಎಂದು ತಿಳಿದು ಬಹಮನಿ ಕಾಲದವರು ನೆಲದೊಳಗೆ ಸುರಂಗ ಕೊರೆದಿದ್ದಾರೆ.

ಬಿಸಿಲನ್ನು ಮಾತ್ರ ಬಿಡಬೇಡ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಯ ವೇಳೆಯೇ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಯ ತನಕ. ಬಿಸಿಲು ವಿಪತ್ತು ಎಂದು ಒಪ್ಪಿಕೊಂಡ ಮೇಲೆ ತಾನೇ ಈ ಏರ್ಪಾಡು? ಆದರೆ ಗಣಿಯಲ್ಲಿ ಕಲ್ಲು ಎತ್ತುವವನಿಗೆ, ಇಟ್ಟಿಗೆ ಭಟ್ಟಿಯವಳಿಗೆ ಆ ವೇಳಾಪಟ್ಟಿ ಇಲ್ಲ. ರಜೆಗೆ ಮುಂಚೆ ಮಾರ್ಚಿನಲ್ಲಿ ಒಂದು ಥರ್ಮಾಮೀಟರ್ ತಗೊಂಡು ತಗಡಿನ ಕೆಳಗೆ, ಪರಸಿ ಕಲ್ಲು ಹಾಸಿದ ಖೋಲಿಯಲ್ಲಿ, ಬೇವಿನ ಗಿಡದ ನೆರಳಲ್ಲಿ ಒಂದೇ ಹೊತ್ತಿಗೆ ಅಳೆಯಿಸಿ ಪಟ್ಟಿ ಬರೆಸು. ಅದೇ ಬೇವಿನ ಗಿಡ ಸಿಡಿಲಿನ ಹೊತ್ತಿಗೆ ಶತ್ರು. ನಮ್ಮ ಕಡೆ ಸಿಡಿಲಿಗೆ ಸಾಯುವವರು ಹೆಚ್ಚಾಗಿ ಹೊಲದಲ್ಲಿ ಮಳೆಗೆ ಹೆದರಿ ಗಿಡದ ಕೆಳಗೆ ನಿಂತವರು, ಕುರಿ ಕಾಯುವವರು. ಮಿಂಚಿನಿಂದ ಗುಡುಗಿನ ತನಕ ಎಣಿಸಲಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಪಕ್ಕಾ ಮನೆಯೊಳಗೆ ಹೋಗಬೇಕು. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ, ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಅನ್ನು ಮನೆಯವರ ಮೊಬೈಲಿಗೆ ಹಾಕಿಸಲಿ.

ಕೊನೆಗೆ ನೀನು ಕೇಳಿದ ಕಷ್ಟದ ಪ್ರಶ್ನೆ: ತರಗತಿಯಲ್ಲಿ ಅರ್ಧ ಮಕ್ಕಳ ತಂದೆಯರು ಸಿಮೆಂಟ್ ಕಾರ್ಖಾನೆ, ಪರಸಿ ಗಣಿಗಳಲ್ಲೇ ದುಡಿಯುವಾಗ ಧೂಳಿನ ಬಗ್ಗೆ ಹೇಗೆ ಪಾಠ ಮಾಡಲಿ? ಕಲ್ಲಿನಿಂದ ಶುರು ಮಾಡು. ಆಳಂದದ ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ನಿಮ್ಮ ಕಡೆಯ ಸುಣ್ಣಕಲ್ಲು ಅದಕ್ಕಿಂತ ಬಹಳ ಹಳೆಯದು, ಆಳವಿಲ್ಲದ ಕಡಲ ತಳದಲ್ಲಿ ಪದರ ಪದರವಾಗಿ ಕೂತದ್ದು. ಶಹಾಬಾದ ಪರಸಿ ಹಾಳೆಯಾಗಿ ಏಳುವುದು ಅದಕ್ಕೇ. ಆ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ, ಶುದ್ಧ ಸುಣ್ಣಕಲ್ಲಿನ 100 ಕಿಲೋದಲ್ಲಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಕಲ್ಲಿದ್ದಲಿನ ಹೊಗೆ ಬೇರೆ. ಇದು ರಸಾಯನಶಾಸ್ತ್ರ, ಯಾರ ಮೇಲಿನ ದೂರೂ ಅಲ್ಲ. ಯಾರ ತಂದೆಯ ದುಡಿಮೆಯನ್ನೂ ಹಳಿಯಬೇಡ, ಆ ದುಡಿಮೆಯಿಂದಲೇ ಮಗು ನಿನ್ನ ಮುಂದೆ ಕೂತಿದೆ. ಆದರೆ ಧೂಳಿನ ವಿಷಯ ಮುಚ್ಚಲೂ ಬೇಡ, ಆ ಧೂಳನ್ನು ಮೊದಲು ಉಸಿರಾಡುವವರು ಅದೇ ತಂದೆಯರು. ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿ, ಕಾರ್ಖಾನೆಗಳಿಗೆ ಅನುಮತಿ ಕೊಡುವ ಮೊದಲು ಪರಿಸರ ಸಾರ್ವಜನಿಕ ಆಲಿಕೆ ಸಭೆ ನಡೆಯಬೇಕು, ಕನಿಷ್ಠ 30 ದಿನ ಮುಂಚೆ ತಿಳಿಸಬೇಕು, ಪರಿಸರದ ಮೇಲಾಗುವ ಪರಿಣಾಮದ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಅಂಥ ಸಾರಾಂಶವೊಂದನ್ನು ಸಂಪಾದಿಸಿ ತರಗತಿಯಲ್ಲಿ ಓದಿಸು. ನೀರು ಎಲ್ಲಿಂದ, ಧೂಳಿಗೆ ತಡೆ ಏನು, ತೋಡಿದ ಗುಂಡಿ ಕೊನೆಗೆ ಏನಾಗುತ್ತದೆ ಎಂದು ಮಕ್ಕಳೇ ಹುಡುಕಲಿ. ಬಿಟ್ಟ ಗಣಿಗಳಲ್ಲಿ ನಿಂತ ನೀರಿಗೆ ಈಜಲು ಹೋಗಬಾರದೆಂದು ಮಾತ್ರ ಖಡಾಖಂಡಿತವಾಗಿ ಹೇಳು. ದಂಡೆಯಿಂದಲೇ ಆಳ ಶುರುವಾಗುತ್ತದೆ, ಕಾಲಿಡಲು ಇಳಿಜಾರು ಇರುವುದಿಲ್ಲ.

ಇದಕ್ಕೆಲ್ಲ ಪಿರಿಯಡ್ ಎಲ್ಲಿ ಎಂದು ಕೇಳುತ್ತೀ. ಪಠ್ಯ ಮುಗಿಸಲೇಬೇಕು, ಪರೀಕ್ಷೆಯೂ ಮಕ್ಕಳ ಹಕ್ಕು. ಆದರೆ ಕಿಲ್ಲಾರಿ ಹೇಳಿದಾಗ ಭೂಕಂಪದ ಪ್ರಶ್ನೆಯ ಉತ್ತರ ಅದರೊಳಗೇ ಬಂತು, ಉಜನಿ ಹೇಳಿದಾಗ ಪ್ರವಾಹದ್ದು. ಬೇರೆ ಪಿರಿಯಡ್ ಹೆಚ್ಚು ಬೇಕಾಗುವುದಿಲ್ಲ.

ಮಕ್ಕಳನ್ನು ಕಾಗಿಣಾ ದಂಡೆಗೆ ಕರೆದುಕೊಂಡು ಹೋಗುವುದಾದರೆ ಜನವರಿಯಲ್ಲಿ ಹೋಗು, ಮಳೆಗಾಲದಲ್ಲಿ ಬೇಡ. ಹೆಡ್‌ಮಾಸ್ತರರ ಒಪ್ಪಿಗೆ ಬರಹದಲ್ಲಿ ಇರಲಿ, ಇನ್ನೊಬ್ಬ ಮಾಸ್ತರರು ಜೊತೆಗಿರಲಿ, ನೀರಿಗೆ ಯಾರೂ ಇಳಿಯದಿರಲಿ. ಹಳೆ ನೆರೆ ಎಲ್ಲಿಯ ತನಕ ಬಂದಿತ್ತು ಎಂದು ಗೋಡೆಯ ಮೇಲೆ ತೋರಿಸಬಲ್ಲ ಒಬ್ಬ ಮುದುಕರನ್ನು ಮೊದಲೇ ಮಾತಾಡಿಸಿ ಇಡು. ನನ್ನ ಹತ್ತಿರ ಇರುವ ದೊಡ್ಡ ಜಿಲ್ಲಾ ನಕಾಶೆಯನ್ನು ನಿನ್ನ ತಮ್ಮ ಬರುವಾಗ ಅವನ ಕೈಯಲ್ಲಿ ಕಳಿಸುತ್ತೇನೆ. ಮಡಿಕೆ ಹರಿದ ಕಡೆ ಹಿಂದಿನಿಂದ ಬಟ್ಟೆ ಅಂಟಿಸಿಕೋ.

ಇತಿ ನಿನ್ನ ಕಾಕಾ