ಎಮಿಸ್ಯಾಟ್ ಫೋಟೋ ಫಾರ್ವರ್ಡ್ ಮಾಡಬೇಡಿ

ಎಲ್ಲರಿಗೂ ನಮಸ್ಕಾರ. 'ಎಮಿಸ್ಯಾಟ್ ತೆಗೆದ ಗಡಿಯ ಚಿತ್ರ' ಅಂತ ನಿನ್ನೆಯಿಂದ ಗುಂಪಿನಲ್ಲಿ ಒಂದು ಫೋಟೋ ಓಡಾಡುತ್ತಿದೆ. ದಯವಿಟ್ಟು ಅದನ್ನು ಯಾರಿಗೂ ಕಳಿಸಬೇಡಿ. ಎಮಿಸ್ಯಾಟ್ ಅಂದರೆ ಇಸ್ರೋ ಹಾರಿಸಿದ ಒಂದು ಉಪಗ್ರಹ. ಅದು ಇರುವುದು ಫೋಟೋ ತೆಗೆಯಲಿಕ್ಕಲ್ಲ, ಕಿವಿಗೊಡಲಿಕ್ಕೆ. ನೆಲದ ಮೇಲೆ ರೇಡಾರ್ ಚಾಲೂ ಆದರೆ ಅದರಿಂದ ರೇಡಿಯೋ ಅಲೆಗಳು ಹೊರಡುತ್ತವೆ. ಇಂಥ ಉಪಗ್ರಹಗಳು ಆ ಅಲೆಗಳನ್ನು ಹಿಡಿಯುತ್ತವೆ. ರೇಡಾರ್ ಎಲ್ಲಿದೆ, ಯಾವ ಬಗೆಯದು ಎಂದು ಅದರಿಂದ ಗುರುತಿಸಬಹುದು. ಮೋಡ, ಕತ್ತಲೆ ಯಾವುದೂ ಅಡ್ಡಿಯಲ್ಲ. ರೇಡಾರ್ ಆಫ್ ಮಾಡಿ ಸುಮ್ನೆ ಕೂತರೆ ಮಾತ್ರ ಏನೂ ಕೇಳಿಸದು!

2019ರ ಏಪ್ರಿಲ್ 1ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ45 ರಾಕೆಟ್ ಎಮಿಸ್ಯಾಟನ್ನು ಹೊತ್ತೊಯ್ದಿತು. ತೂಕ 436 ಕೆ.ಜಿ., ಕಕ್ಷೆಯ ಎತ್ತರ ಸುಮಾರು 748 ಕಿ.ಮೀ. ಇಸ್ರೋ ಹೇಳಿದ್ದು 'ವಿದ್ಯುತ್ಕಾಂತೀಯ ರೋಹಿತದ ಅಳತೆಗೆ' (ಅಂದರೆ ರೇಡಿಯೋ ಅಲೆ, ಬೆಳಕು ಮುಂತಾದವುಗಳ ಅಳತೆಗೆ) ಎಂದಷ್ಟೇ. ಜಾಣತನದ ಮಾತು ಅಲ್ವಾ? ಫೋಟೋ ಹಾಕಿದವರು ಇವತ್ತೇ ಅಳಿಸಿಬಿಡಿ.